ಹೃದಯದ ಅಬ್ಲೇಷನ್: ಬಿಸಿ, ಹಿಮ, ವಿದ್ಯುತ್ತು ಅಕ್ಕಪಕ್ಕದ ಕೋಶಗಳಿಗೆ ಏನು ಮಾಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯದ ಬಡಿತ ತಪ್ಪಿದಾಗ, ಅದಕ್ಕೆ ಕಾರಣವಾದ ಜಾಗದ ಕೋಶಗಳನ್ನು ಬೇಕೆಂದೇ ಕೊಲ್ಲುವ ಚಿಕಿತ್ಸೆ ಅಬ್ಲೇಷನ್. ಅದರ ಬಗ್ಗೆ ಎಲ್ಲಿ ಮಾತಾಡಿದರೂ ಕೆಲವು ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದವರು, ಪತ್ರ ಬರೆದವರು, ಲೇಖನದ ಕೆಳಗೆ ಕಾಮೆಂಟ್ ಹಾಕಿದವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಓದುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಕೋಶವನ್ನು ಕೊಲ್ಲುವುದು ಸುಲಭ, ಬೇಕಾದ ಗೆರೆಗೆ ಬಂದು ನಿಲ್ಲುವುದು ಕಷ್ಟ. ನಲವತ್ತು ವರ್ಷಗಳಿಂದ ಈ ಕ್ಷೇತ್ರ ಪಟ್ಟ ಪಾಡೆಲ್ಲ ಗಾಯದ ಅಂಚಿನದ್ದೇ.

## ಆರಂಭದ ಪ್ರಶ್ನೆಗಳು

ಹೃದಯವನ್ನೇ ಸುಡ್ತಾರೆ ಅಂತಾರಲ್ಲ, ಹಾಗಾದ್ರೆ ಹೃದಯ ಹಾಳಾಗಲ್ವಾ?

ಹೃದಯದ ಸ್ನಾಯು ಎರಡು ಕೆಲಸ ಮಾಡುತ್ತದೆ. ಹಿಂಡಿ ರಕ್ತ ತಳ್ಳುವುದು ಒಂದು, ವಿದ್ಯುತ್ ಸಂಕೇತವನ್ನು ಪಕ್ಕದ ಕೋಶಕ್ಕೆ ದಾಟಿಸುವುದು ಇನ್ನೊಂದು. ಅಬ್ಲೇಷನ್ ಕೈ ಹಾಕುವುದು ಎರಡನೆಯದಕ್ಕೆ. ಸಂಕೇತ ತಪ್ಪು ದಾರಿಯಲ್ಲಿ ಹರಿಯುತ್ತಿದ್ದರೆ ಅದಕ್ಕೆ ಅಡ್ಡವಾಗಿ ಬದು ಹಾಕುತ್ತಾರೆ. ಗದ್ದೆಯ ಬದು ಮಣ್ಣಿನದು, ಈ ಬದು ಸತ್ತ ಸ್ನಾಯುವಿನ ಜಾಗದಲ್ಲಿ ಬೆಳೆಯುವ ಕಲೆಯದು. ಕಲೆಗೆ ವಿದ್ಯುತ್ ದಾಟಿಸಲು ಬರುವುದಿಲ್ಲ.

ಏಟ್ರಿಯಲ್ ಫಿಬ್ರಿಲೇಷನ್ ಎಂಬ ಅಡ್ಡಾದಿಡ್ಡಿ ಬಡಿತವನ್ನೇ ತೆಗೆದುಕೊಳ್ಳಿ. 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ಮಿಷೆಲ್ ಹೈಸಾಗೆರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ, ಕಿಡಿ ಹೊತ್ತಿಸುವ ತಾಣಗಳಲ್ಲಿ ನೂರಕ್ಕೆ 94 ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳೊಳಗೆ ಇವೆ ಎಂದು ತೋರಿಸಿದರು. ಆ ಅಭಿಧಮನಿಗಳ ಬಾಯಿಯ ಸುತ್ತ ಬದು ಹಾಕಿದರೆ ಒಳಗಿನ ಕಿಡಿ ಹೊರಗೆ ಬರುವುದಿಲ್ಲ. ಆ ಜಾಗದ ಸ್ನಾಯು ಹೃದಯದ ಪಂಪಿಗೆ ಹೆಚ್ಚೇನೂ ಕೊಡುವುದಿಲ್ಲ, ಹಾಗಾಗಿ ನಷ್ಟ ಸಣ್ಣದು. ವರ್ಷಗಟ್ಟಲೆ ಅತಿವೇಗವಾಗಿ ಬಡಿದು ಸೋತ ಹೃದಯ ಅಬ್ಲೇಷನ್ ಆದ ಮೇಲೆ ಚೇತರಿಸಿಕೊಳ್ಳುವುದೂ ಇದೆ.

ಆದರೆ ನಿಮ್ಮ ಭಯಕ್ಕೆ ಬುಡವೇ ಇಲ್ಲ ಎನ್ನಲಾರೆ. ಮತ್ತೆ ಮತ್ತೆ, ವಿಶಾಲವಾಗಿ ಸುಟ್ಟರೆ ಎಡ ಹೃತ್ಕರ್ಣ ಹಿಗ್ಗುವ ಗುಣ ಕಳೆದುಕೊಂಡು ಬಿರುಸಾಗಬಹುದು. ಆಗ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತದೆ.

ಸತ್ತ ಕೋಶದ ಜಾಗದಲ್ಲಿ ಹೊಸ ಕೋಶ ಬೆಳೆಯಲ್ವಾ? ಚರ್ಮ ಬೆಳೆಯುತ್ತಲ್ಲ?

ಚರ್ಮದ ಹಾಗೆ ಬೆಳೆಯುವುದಿಲ್ಲ. ಇದನ್ನು ಅಳೆದ ಬಗೆ ಸ್ವಾರಸ್ಯವಾಗಿದೆ. 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು, ಪರೀಕ್ಷೆಗಳು ನಿಂತ ಮೇಲೆ ಇಳಿಯತೊಡಗಿತು. ಕೋಶ ಹುಟ್ಟಿದಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಗಾಳಿಯ ಗುರುತು ಉಳಿದುಬಿಡುತ್ತದೆ. ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಇದೇ ಗುರುತು ಹಿಡಿದು ಲೆಕ್ಕ ಹಾಕಿದರು. 25ರ ವಯಸ್ಸಿನಲ್ಲಿ ಹೃದಯ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ನೂರಕ್ಕೆ ಒಂದು ಹೊಸದಾಗುತ್ತದೆ, 75ಕ್ಕೆ ಬರುವಾಗ ಅದರ ಅರ್ಧಕ್ಕೂ ಕಡಿಮೆ.

ಹಾಗಾಗಿ ಖಾಲಿ ಜಾಗವನ್ನು ತುಂಬುವ ಕೆಲಸ ಫೈಬ್ರೋಬ್ಲಾಸ್ಟ್ ಕೋಶಗಳದ್ದು. ಮೊದಲು ಬಿಳಿರಕ್ತಕಣಗಳು ಬಂದು ಸತ್ತದ್ದನ್ನು ಗುಡಿಸುತ್ತವೆ, ಆಮೇಲೆ ಫೈಬ್ರೋಬ್ಲಾಸ್ಟ್‌ಗಳು ಕೊಲ್ಯಾಜನ್ ನೇಯುತ್ತವೆ. ಎರಡು ಮೂರು ತಿಂಗಳಲ್ಲಿ ಗಟ್ಟಿ ಕಲೆ ಸಿದ್ಧ. ಅಬ್ಲೇಷನ್‌ಗೆ ಬೇಕಾದದ್ದೂ ಇದೇ. ಹೃದಯ ಚರ್ಮದಂತೆ ಬೆಳೆಯುವ ಹಾಗಿದ್ದರೆ ಈ ಚಿಕಿತ್ಸೆಯೇ ಇರುತ್ತಿರಲಿಲ್ಲ.

ಅಮ್ಮನಿಗೆ ಅಬ್ಲೇಷನ್ ಆಗಿ ತಿಂಗಳಾಯ್ತು, ಮತ್ತೆ ಬಡಿತ ತಪ್ಪುತ್ತಿದೆ. ಫೇಲ್ ಆಯ್ತಾ?

ತಿಂಗಳಿಗೇ ಹಾಗೆ ಹೇಳಲಾಗದು. ಸತ್ತ ಕೋಶಗಳ ಸುತ್ತ ಊದಿಕೊಂಡು ಸಿಡುಕುವ ಜೀವಂತ ಕೋಶಗಳ ಒಂದು ವಲಯ ಇರುತ್ತದೆ. ಅಲ್ಲಿ ಉರಿಯೂತ ಇರುವಷ್ಟು ದಿನ ಅಡ್ಡ ಬಡಿತಗಳು ಏಳಬಹುದು. ಇದಕ್ಕಾಗಿಯೇ ಆರಂಭದ ಒಂದಷ್ಟು ವಾರಗಳನ್ನು ಫಲಿತಾಂಶದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದೆ ಮೂರು ತಿಂಗಳು ಬಿಡುತ್ತಿದ್ದರು, 2024ರ ಅಂತರರಾಷ್ಟ್ರೀಯ ಒಮ್ಮತದ ದಾಖಲೆ ಅದನ್ನು ಎಂಟು ವಾರಕ್ಕೆ ಇಳಿಸಿದೆ. ಅಷ್ಟಾದ ಮೇಲೂ ನಿಲ್ಲದಿದ್ದರೆ ಬದುವಿನಲ್ಲಿ ಎಲ್ಲೋ ಏಡಿ ತೂತು ಉಳಿದಿದೆ ಎಂದು ಅನುಮಾನಿಸಬೇಕು.

ರಕ್ತ ತೆಳುವಾಗಿಸುವ ಮಾತ್ರೆಯನ್ನು ಈ ಅವಧಿಯಲ್ಲಿ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಹೃದಯದ ಒಳಪದರದ ಕೋಶಗಳೂ ಅಲ್ಲಿ ಕಿತ್ತುಹೋಗಿರುತ್ತವೆ. ಆ ಪದರ ಮತ್ತೆ ಮುಚ್ಚಿಕೊಳ್ಳುವವರೆಗೆ ಬರಿ ಮೈಯ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ.

## ಒಂದೊಂದು ವಿಧಾನ, ಒಂದೊಂದು ಅಂಚು

ರೇಡಿಯೋಫ್ರೀಕ್ವೆನ್ಸಿಯಲ್ಲಿ ಕ್ಯಾಥೆಟರ್ ತುದಿ ಕಾದು ಸುಡೋದಾ? ಇಸ್ತ್ರಿಪೆಟ್ಟಿಗೆ ತರಹ?

ಬಹಳ ಜನ ಹೀಗೆ ಅಂದುಕೊಂಡಿದ್ದಾರೆ. ಕ್ಯಾಥೆಟರ್ ಎಂದರೆ ರಕ್ತನಾಳದ ಮೂಲಕ ಹೃದಯಕ್ಕೆ ತೂರಿಸುವ ತೆಳು ನಳಿಕೆ. ಅದರ ತುದಿ ಕಾಯುವುದಿಲ್ಲ, ಅಂಗಾಂಶವೇ ಕಾಯುತ್ತದೆ. ಸುಮಾರು 500 ಕಿಲೋಹರ್ಟ್ಸ್ ವೇಗದಲ್ಲಿ ದಿಕ್ಕು ಬದಲಿಸುವ ವಿದ್ಯುತ್ತು ತುದಿಯಿಂದ ಸ್ನಾಯುವಿಗೆ ಹರಿಯುತ್ತದೆ. ಅಷ್ಟು ವೇಗಕ್ಕೆ ಸ್ನಾಯು ಸ್ಪಂದಿಸಲಾರದು, ಆದರೆ ತುದಿಗೆ ತಾಗಿದ ಒಂದು ಮಿಲಿಮೀಟರ್ ಆಸುಪಾಸಿನ ಅಂಗಾಂಶ ವಿದ್ಯುತ್ತನ್ನು ತಡೆಯುತ್ತ ತಾನೇ ಬಿಸಿಯಾಗುತ್ತದೆ. ಅದರಾಚೆಗೆ ಹೋಗುವುದು ಆ ಬಿಸಿ ಮಾತ್ರ, ಪಾತ್ರೆಯ ತಳದ ಕಾವು ಹಿಡಿಗೆ ಏರುವಂತೆ.

ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದ ಕೋಶ ಉಳಿಯುವುದಿಲ್ಲ. ಅದರ ಪ್ರೋಟೀನುಗಳು ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತವೆ. ಅದಕ್ಕೆ ಹೊರಗಿನ ಉಂಗುರದಲ್ಲಿ 45ರ ಆಚೀಚೆ ಇರುತ್ತದೆ. ಅಲ್ಲಿಯ ಕೋಶಪೊರೆ ಸೋರುತ್ತದೆ, ಕೂದಲೆಳೆ ರಕ್ತನಾಳಗಳು ಒಡೆದು ರಕ್ತ ಜಿನುಗುತ್ತದೆ, ಸಂಕೇತ ಸದ್ಯಕ್ಕೆ ನಿಲ್ಲುತ್ತದೆ. ಈ ಉಂಗುರದ ಕೆಲವು ಕೋಶಗಳು ಸುಧಾರಿಸಿಕೊಳ್ಳುತ್ತವೆ. ಇನ್ನು ಕೆಲವು ರಕ್ತ ಸಿಗದೆ ಮುಂದಿನ ದಿನಗಳಲ್ಲಿ ಸಾಯುತ್ತವೆ. ಒಲೆ ಆರಿಸಿದ ಮೇಲೂ ಕಾವಲಿಯ ಮೇಲಿನ ದೋಸೆ ಸೀಯುವುದಿಲ್ಲವೇ? ಹಾಗೆ ವಿದ್ಯುತ್ ನಿಲ್ಲಿಸಿದ ಮೇಲೂ ಕೆಲವು ಸೆಕೆಂಡ್ ಆಳದ ತಾಪ ಏರುತ್ತಲೇ ಇರುತ್ತದೆ. ಬಿಸಿಯ ದೊಡ್ಡ ತೊಂದರೆ ಇದೇ. ಅದಕ್ಕೆ ಗೋಡೆ ಎಲ್ಲಿ ಮುಗಿಯಿತು ಎಂಬುದು ತಿಳಿಯುವುದಿಲ್ಲ.

ಒಳಗೆ 100 ಡಿಗ್ರಿ ಮುಟ್ಟಿದರೆ ಅಂಗಾಂಶದ ನೀರು ಆವಿಯಾಗಿ ಪಟ್ಟನೆ ಸಿಡಿಯುತ್ತದೆ. ಕೆಲವೊಮ್ಮೆ ಸದ್ದೂ ಕೇಳಿಸುತ್ತದೆ. ಗೋಡೆ ಹರಿದು ಹೃದಯದ ಸುತ್ತ ರಕ್ತ ತುಂಬುವ ಅಪಾಯ ಇರುವುದು ಆಗಲೇ. ತುದಿಯಿಂದ ಸಲೈನ್ ಹರಿಸುವ ಕ್ಯಾಥೆಟರುಗಳು ಬಂದದ್ದು ಮೇಲ್ಮೈ ಕರಕಲಾಗದಿರಲಿ, ಅಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು. ಒತ್ತಿ ಹಿಡಿದ ಬಲವನ್ನು ಗ್ರಾಂ ಲೆಕ್ಕದಲ್ಲಿ ತೋರಿಸುವ ಕ್ಯಾಥೆಟರುಗಳೂ ಇವೆ. ಮೆಲ್ಲಗೆ ತಾಗಿದರೆ ಬದು ಅರೆಬರೆ, ಜಾಸ್ತಿ ಒತ್ತಿದರೆ ತೂತು.

ಹಿಮದ ಬಲೂನು ಬಿಸಿಗಿಂತ ಮೆದು ಅಂತಾರೆ. ನಿಜಾನಾ?

ಕೆಲವು ಕೋಶಗಳಿಗೆ ಮೆದು, ಕೆಲವಕ್ಕೆ ಅಲ್ಲ. ಬಲೂನಿನೊಳಗೆ ನೈಟ್ರಸ್ ಆಕ್ಸೈಡ್ ಹಿಗ್ಗುತ್ತ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಬಲೂನಿನ ತಾಪ ಸಾಮಾನ್ಯವಾಗಿ ಮೈನಸ್ 40ರಿಂದ 60 ಡಿಗ್ರಿಯವರೆಗೆ ಇಳಿಯುತ್ತದೆ.

ಮೊದಲು ಕೋಶಗಳ ನಡುವಿನ ನೀರು ಮಂಜುಗಡ್ಡೆಯಾಗುತ್ತದೆ. ಉಪ್ಪು ಉಳಿದ ನೀರಿನಲ್ಲಿ ದಟ್ಟವಾಗಿ, ಕೋಶದೊಳಗಿನ ನೀರನ್ನು ಉಪ್ಪಿನಕಾಯಿ ಜಾಡಿಯಂತೆ ಹೊರಗೆ ಎಳೆಯುತ್ತದೆ. ಬಲೂನಿಗೆ ಹತ್ತಿರ, ಬೇಗ ತಣಿಯುವ ಕಡೆ, ಕೋಶದ ಒಳಗೇ ಹಿಮದ ಹರಳು ಹುಟ್ಟಿ ಪೊರೆ, ಮೈಟೋಕಾಂಡ್ರಿಯಗಳನ್ನು ಸೀಳುತ್ತದೆ. ಫ್ರೀಜರಿನಲ್ಲಿಟ್ಟ ಟೊಮೆಟೊ ಹೊರಗೆ ತೆಗೆದ ಮೇಲೆ ಮೆತ್ತಗಾಗುವುದನ್ನು ನೋಡಿದ್ದೀರಲ್ಲ. ಹಾನಿಯ ಬಹುಪಾಲು ಕರಗುವ ಹೊತ್ತಿನದು, ಸಣ್ಣ ಹರಳುಗಳು ಒಂದಾಗಿ ದೊಡ್ಡದಾಗುವಾಗಿನದು. ಆಮೇಲಿನ ಗಂಟೆಗಳಲ್ಲಿ ಸಣ್ಣ ರಕ್ತನಾಳಗಳು ಸೋರಿ, ಪ್ಲೇಟ್‌ಲೆಟ್‌ಗಳಿಂದ ಮುಚ್ಚಿ, ಉಳಿದ ಕೋಶಗಳೂ ಹಸಿವಿನಿಂದ ಸಾಯುತ್ತವೆ.

ಮೆದು ಎನ್ನುವುದಕ್ಕೆ ಕಾರಣವೂ ಇದೆ. ಕೋಶಗಳನ್ನು ಹಿಡಿದಿಟ್ಟ ಕೊಲ್ಯಾಜನ್ ಹಂದರ ಹಿಮಕ್ಕೆ ಅಷ್ಟಾಗಿ ಜಗ್ಗುವುದಿಲ್ಲ, ಒಳಪದರವೂ ಬಿಸಿಯಲ್ಲಿ ಹಾಳಾದಷ್ಟು ಹಾಳಾಗುವುದಿಲ್ಲ. ಹೆಪ್ಪು ಕಡಿಮೆ. ತುದಿ ಅಂಗಾಂಶಕ್ಕೆ ಅಂಟಿಕೊಳ್ಳುವುದರಿಂದ ಜಾರುವ ಭಯವೂ ಇಲ್ಲ. ಕೋಶ ಖಚಿತವಾಗಿ ಸಾಯಲು ಮೈನಸ್ 20, ಕೆಲವು ಸಲ 40 ಬೇಕು, ಹಿಮದ ಉಂಡೆಯ ಹೊರ ಅಂಚಾದರೋ ಸೊನ್ನೆಯ ಸುತ್ತ ಇರುತ್ತದೆ. ಅಂದರೆ ಕಣ್ಣಿಗೆ ಹೆಪ್ಪುಗಟ್ಟಿದಂತೆ ಕಾಣುವ ಜಾಗವೆಲ್ಲ ಸತ್ತಿರುವುದಿಲ್ಲ. ಈ ಸಡಿಲು ಅಂಚು ಒಮ್ಮೆ ರಕ್ಷಣೆ, ಇನ್ನೊಮ್ಮೆ ಕೊರತೆ.

ಪಲ್ಸ್ಡ್ ಫೀಲ್ಡ್‌ನಲ್ಲಿ ಬಿಸಿನೂ ಇಲ್ಲ, ಹಿಮನೂ ಇಲ್ಲ. ಮತ್ತೆ ಕೋಶ ಸಾಯೋದು ಹೇಗೆ?

ಕೋಶದ ಸುತ್ತ ಇರುವ ಕೊಬ್ಬಿನ ಪೊರೆ ಸುಮಾರು ಐದು ನ್ಯಾನೋಮೀಟರ್ ದಪ್ಪ. ಅದರ ಎರಡು ಬದಿಗಳ ನಡುವೆ ವೋಲ್ಟೇಜ್ ಒಂದು ಮಿತಿ ಮೀರಿದರೆ ಪೊರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ತೆರೆಯುತ್ತವೆ. ಇದೇ ಎಲೆಕ್ಟ್ರೋಪೊರೇಷನ್. ಸಣ್ಣ ಪೆಟ್ಟಾದರೆ ರಂಧ್ರ ಮುಚ್ಚಿಕೊಂಡು ಕೋಶ ಬದುಕುತ್ತದೆ. ಪ್ರಯೋಗಾಲಯಗಳಲ್ಲಿ ಕೋಶದೊಳಗೆ ಡಿಎನ್‌ಎ ತೂರಿಸಲು ಇದನ್ನೇ ಬಳಸುತ್ತಾರೆ. ಪೆಟ್ಟು ಜೋರಾದರೆ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ತೂತು ಮುಚ್ಚುವ ಪಾಡಿನಲ್ಲಿ ಕೋಶದ ಶಕ್ತಿಯ ದಾಸ್ತಾನು ಬರಿದಾಗುತ್ತದೆ. ಕೊನೆಗೆ ಅದು ಸಾಯುತ್ತದೆ. ಒಂದೆರಡು ಸಾವಿರ ವೋಲ್ಟಿನ, ಮೈಕ್ರೋಸೆಕೆಂಡುಗಳಷ್ಟೇ ಉಳಿಯುವ ಮಿಡಿತಗಳು ಇವು. ಅಷ್ಟು ಹೊತ್ತಿನಲ್ಲಿ ಶಾಖ ಕೂಡಿಕೊಳ್ಳಲು ಸಮಯ ಸಾಲದು.

ಹೃದಯ ಸ್ನಾಯುಕೋಶ ಉದ್ದದ್ದು, ದೊಡ್ಡದು. ದೊಡ್ಡ ಕೋಶದ ಪೊರೆಯ ಮೇಲೆ ಅದೇ ಕ್ಷೇತ್ರ ಹೆಚ್ಚು ವೋಲ್ಟೇಜ್ ಹೇರುತ್ತದೆ. ಅದಕ್ಕೇ ಅದು ಬೇಗ ಸೋಲುತ್ತದೆ. ಕೊಲ್ಯಾಜನ್ನಿಗೆ ಪೊರೆಯೇ ಇಲ್ಲ, ಆದ್ದರಿಂದ ಹಂದರ ಹಾಗೇ ಉಳಿಯುತ್ತದೆ. ಬೀಡುಬಿಟ್ಟವರು ಹೋದರೂ ಮನೆ ನಿಂತಿರುವ ಹಾಗೆ.

"ಶಾಖವೇ ಇಲ್ಲ" ಎಂಬ ಮಾತು ಮಾತ್ರ ಸ್ವಲ್ಪ ಜಾಹೀರಾತಿನದು. ಎಲೆಕ್ಟ್ರೋಡಿನ ತೀರಾ ಹತ್ತಿರ ತುಸು ಬಿಸಿ ಏರಿಯೇ ಏರುತ್ತದೆ, ಮಿಡಿತಗಳನ್ನು ಒಂದೇ ಕಡೆ ಪೇರಿಸಿದರೆ ಇನ್ನೂ ಹೆಚ್ಚು. ಕೊಲ್ಲುವ ಕೆಲಸ ಮುಖ್ಯವಾಗಿ ಅದರದ್ದಲ್ಲ ಎಂದರೆ ಸರಿ.

ಹಿಂದೆ ಶಾಕ್ ಕೊಟ್ಟು, ಕತ್ತರಿಸಿ ಮಾಡ್ತಿದ್ರಂತೆ. ಅವೆಲ್ಲ ಯಾಕೆ ಬಿಟ್ರು?

1982ರಲ್ಲಿ ಅಮೆರಿಕದಲ್ಲಿ ಮೆಲ್ವಿನ್ ಶೈನ್‌ಮನ್ ತಂಡ, ಜಾನ್ ಗ್ಯಾಲಗರ್ ತಂಡ ಕ್ಯಾಥೆಟರ್ ಮೂಲಕ ನೇರ ವಿದ್ಯುತ್ತಿನ ಆಘಾತ ಕೊಟ್ಟು ಎ.ವಿ. ನೋಡ್ (ಮೇಲಿನ ಕೋಣೆಯ ಸಂಕೇತವನ್ನು ಕೆಳಗಿಳಿಸುವ ಗಂಟು) ಕಡಿದು ತೋರಿಸಿದವು. ತುದಿಯಲ್ಲಿ ಕಿಡಿ ಹಾರಿ, ಒತ್ತಡದ ಅಲೆ ಎದ್ದು ಸುತ್ತಲಿನ ಗೋಡೆಗೂ ಪೆಟ್ಟಾಗುತ್ತಿತ್ತು. ರೇಡಿಯೋಫ್ರೀಕ್ವೆನ್ಸಿ ಬಂದ ಕೂಡಲೇ ಅದನ್ನು ಕೈಬಿಟ್ಟರು. ಆ ಆಘಾತದಲ್ಲಿ ಕೊಲ್ಲುತ್ತಿದ್ದುದರಲ್ಲಿ ಎಲೆಕ್ಟ್ರೋಪೊರೇಷನ್ನಿನ ಪಾಲೂ ಇತ್ತು. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಫ್ರೆಡ್ ವಿಟ್‌ಕಾಂಪ್ಫ್ ಮತ್ತಿತರರು ಕಿಡಿ ಹಾರದಷ್ಟು ಕಡಿಮೆ ಶಕ್ತಿಯಲ್ಲಿ ಅದನ್ನು ಮತ್ತೆ ಕೈಗೆತ್ತಿಕೊಂಡರು. ಇಂದಿನ ಪಲ್ಸ್ಡ್ ಫೀಲ್ಡ್ ಆ ದಾರಿಯಲ್ಲೇ ಬಂದದ್ದು.

ಕತ್ತರಿಸಿ ಹೊಲಿಯುವ ಮೇಜ್ ಶಸ್ತ್ರಚಿಕಿತ್ಸೆ ಜೇಮ್ಸ್ ಕಾಕ್ಸ್ ಅವರದ್ದು, 1987ರದ್ದು. ಅಂಚಿನ ದೃಷ್ಟಿಯಿಂದ ನೋಡಿದರೆ ಚಾಕುವನ್ನು ಮೀರಿಸಿದ್ದು ಇವತ್ತಿಗೂ ಇಲ್ಲ. ಅತ್ತ ಸತ್ತದ್ದು, ಇತ್ತ ಬದುಕಿದ್ದು, ನಡುವೆ ಗೊಂದಲವಿಲ್ಲ. ಆದರೆ ಎದೆ ತೆರೆಯಬೇಕು. ನಮ್ಮಲ್ಲಿ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಇನ್ನೂ ಇದ್ದಾರೆ. ಕವಾಟಕ್ಕೆಂದು ಹೇಗೂ ಎದೆ ತೆರೆದಾಗ ಇದನ್ನೂ ಸೇರಿಸಿ ಮಾಡುವುದುಂಟು.

ನಮ್ಮ ಮಾವನವರಿಗೆ ಹೃದಯಕ್ಕೆ ಆಲ್ಕೋಹಾಲ್ ಚುಚ್ಚಿದರು. ಇದೂ ಅಬ್ಲೇಷನ್ನಾ?

ಹೌದು, ಗುರಿ ಬೇರೆ. ಹೃತ್ಕುಕ್ಷಿಗಳ ನಡುವಿನ ಗೋಡೆ ಅತಿಯಾಗಿ ದಪ್ಪಗಾಗಿ ರಕ್ತದ ದಾರಿಗೆ ಅಡ್ಡಬಂದಾಗ, ಆ ಭಾಗಕ್ಕೆ ರಕ್ತ ಕೊಡುವ ಸಣ್ಣ ಅಪಧಮನಿಗೆ ಒಂದರಿಂದ ಮೂರು ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಬಿಡುತ್ತಾರೆ. ಉಲ್ರಿಚ್ ಸಿಗ್ವಾರ್ಟ್ 1994ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಕ್ರಮ. ಅದು ಬೇಕೆಂದೇ ಮಾಡಿದ ಪುಟ್ಟ ಹೃದಯಾಘಾತ. ಇಲ್ಲಿ ಅಂಚನ್ನು ತೀರ್ಮಾನಿಸುವುದು ರಕ್ತನಾಳದ ಕವಲು, ವೈದ್ಯರ ಕೈಯಲ್ಲ. ಆ ಗೋಡೆಯಲ್ಲೇ ಸಂಕೇತದ ತಂತಿಗಳೂ ಇಳಿಯುವುದರಿಂದ ಸುಮಾರು ಹತ್ತರಲ್ಲಿ ಒಬ್ಬರಿಗೆ ಪೇಸ್‌ಮೇಕರ್ ಬೇಕಾಗುತ್ತದೆ.

## ನೆರೆಹೊರೆಯ ಅಂಗಾಂಶಗಳು

ಅನ್ನನಾಳಕ್ಕೆ ತೂತು ಬೀಳಬಹುದು ಅಂತ ಓದಿದೆ. ನಿದ್ದೆ ಬರ್ತಿಲ್ಲ. ಎಷ್ಟು ನಿಜ?

ನಿಜ, ಆದರೆ ಬಹಳ ಅಪರೂಪ. ಎಡ ಹೃತ್ಕರ್ಣದ ಹಿಂಗೋಡೆ ಎರಡು ಮಿಲಿಮೀಟರ್ ಆಚೀಚೆ. ಅದಕ್ಕೆ ಒರಗಿಕೊಂಡಂತೆ ಅನ್ನನಾಳ ಹಾದುಹೋಗುತ್ತದೆ. ಬಿಸಿ ಗೋಡೆ ದಾಟಿದರೆ ಅನ್ನನಾಳದ ಸ್ನಾಯು, ಅದನ್ನು ಪೋಷಿಸುವ ರಕ್ತನಾಳಗಳು ಸುಡುತ್ತವೆ. ಆಮೇಲೆ ಹುಣ್ಣಾಗಿ, ಆಮ್ಲ ತಾಗಿ, ವಾರಗಳಲ್ಲಿ ಎರಡರ ನಡುವೆ ದಾರಿ ಕೊರೆದುಕೊಳ್ಳಬಹುದು. 2023ರಲ್ಲಿ ಪ್ರಕಟವಾದ ಪಾಟರ್-ಎಎಫ್ ಅಧ್ಯಯನ 5,53,729 ಅಬ್ಲೇಷನ್‌ಗಳನ್ನು ಕಲೆಹಾಕಿ ಇಂಥ 138 ಪ್ರಕರಣ ಕಂಡಿತು, ಅಂದರೆ ನೂರಕ್ಕೆ 0.025. ರೇಡಿಯೋಫ್ರೀಕ್ವೆನ್ಸಿಯಲ್ಲಿ 0.038, ಹಿಮದಲ್ಲಿ 0.0015. ಆದರೆ ಆದವರಲ್ಲಿ ಮೂರರಲ್ಲಿ ಎರಡರಷ್ಟು ಜನ ಉಳಿಯಲಿಲ್ಲ. ಅಪರೂಪ ಎಂದು ಸುಮ್ಮನಿರದೆ ವೈದ್ಯರು ಇಷ್ಟು ಎಚ್ಚರ ವಹಿಸುವುದು ಇದಕ್ಕೇ.

ಅನ್ನನಾಳದಲ್ಲಿ ತಾಪ ಅಳೆಯುವ ತಂತಿ ಇಡುತ್ತಾರೆ, ಕೆಲವೆಡೆ ಅನ್ನನಾಳವನ್ನೇ ತಂಪು ಮಾಡುವ ಸಾಧನ ಬಳಸುತ್ತಾರೆ, ಹಿಂಗೋಡೆಗೆ ಬಂದಾಗ ಶಕ್ತಿ ಅಥವಾ ಸಮಯ ಕಡಿಮೆ ಮಾಡುತ್ತಾರೆ. ಹೆಚ್ಚು ಶಕ್ತಿಯನ್ನು ನಾಲ್ಕೈದು ಸೆಕೆಂಡ್ ಮಾತ್ರ ಕೊಡುವ ಕ್ರಮವೂ ಇದೆ. ತುದಿಯ ಹತ್ತಿರದ್ದು ಬೇಯುತ್ತದೆ, ಆಳಕ್ಕೆ ಶಾಖ ಹರಿಯುವ ಮೊದಲೇ ನಿಲ್ಲಿಸಿರುತ್ತಾರೆ. ಮನೆಗೆ ಬರುವಾಗ ಆಮ್ಲ ತಗ್ಗಿಸುವ ಮಾತ್ರೆ ಕೊಡುವುದೂ ಇದೇ ಕಾರಣಕ್ಕೆ.

ಪಲ್ಸ್ಡ್ ಫೀಲ್ಡ್ ಇಲ್ಲಿ ನಿಜವಾಗಿ ದಾರಿ ಬದಲಿಸಿತು. 17,642 ರೋಗಿಗಳ ಮ್ಯಾನಿಫೆಸ್ಟ್-17ಕೆ ದಾಖಲೆಯಲ್ಲಿ, 2024ರಲ್ಲಿ ಪ್ರಕಟವಾದದ್ದು, ಇಂಥ ಒಂದು ಪ್ರಕರಣವೂ ಇಲ್ಲ. ಅನ್ನನಾಳದ ಹಂದರ ಉಳಿಯುತ್ತದೆ, ಪೆಟ್ಟಾದ ಕೋಶಗಳ ಜಾಗಕ್ಕೆ ಹೊಸವು ಬರುತ್ತವೆ.

ಒಂದು ಮಾತನ್ನು ಮನೆಯವರೆಲ್ಲ ನೆನಪಿಡಿ. ಬಿಸಿಯ ಅಬ್ಲೇಷನ್ ಆಗಿ ಎರಡು ತಿಂಗಳೊಳಗೆ ಜ್ವರ, ಎದೆನೋವು, ನುಂಗಲು ನೋವು, ರಕ್ತ ವಾಂತಿ, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಜ್ವರದ ಮಾತ್ರೆ ತೆಗೆದುಕೊಂಡು ಕಾಯಬೇಡಿ. ಅಬ್ಲೇಷನ್ ಆಗಿದೆ ಎಂದು ಹೇಳಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ. ಎಂಡೋಸ್ಕೋಪಿ ಮೊದಲು ಮಾಡಿಸಬಾರದು, ಅದರಲ್ಲಿ ಊದುವ ಗಾಳಿ ತೂತಿನ ಮೂಲಕ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗಬಹುದು.

ಹಿಮದ ಬಲೂನು ಆದ ಮೇಲೆ ಯಜಮಾನರಿಗೆ ಮೆಟ್ಟಿಲು ಹತ್ತಿದ್ರೆ ಉಸಿರಿಲ್ಲ. ನರಕ್ಕೆ ಪೆಟ್ಟಾಗಿರುತ್ತಾ?

ಆಗಿರಬಹುದು, ಒಂದು ಎಕ್ಸ್‌ರೇ ಹೇಳಿಬಿಡುತ್ತದೆ. ಉಸಿರಾಟದ ಸ್ನಾಯುವಾದ ವಪೆಯನ್ನು ನಡೆಸುವ ಬಲಗಡೆಯ ಫ್ರೆನಿಕ್ ನರ, ಶ್ವಾಸಕೋಶದಿಂದ ಬರುವ ಬಲ ಮೇಲಿನ ಅಭಿಧಮನಿಯ ಪಕ್ಕದಲ್ಲೇ ಇಳಿಯುತ್ತದೆ. ಬಲೂನು ಅಲ್ಲಿ ಕೂತಾಗ ನರವೂ ತಣಿಯುತ್ತದೆ. 2013ರ ಸ್ಟಾಪ್-ಎಎಫ್ ಪರೀಕ್ಷೆಯಲ್ಲಿ ನೂರಕ್ಕೆ 11.2ರಷ್ಟು ಇಂಥ ಪೆಟ್ಟು ಕಂಡಿತ್ತು. ಬಿಸಿ, ಹಿಮ ಎರಡನ್ನೂ ಹೋಲಿಸಿದ 2016ರ ಫೈರ್ ಅಂಡ್ ಐಸ್ ಪರೀಕ್ಷೆಯ ಹೊತ್ತಿಗೆ, ಆಸ್ಪತ್ರೆ ಬಿಡುವಾಗ ಉಳಿದದ್ದು ನೂರಕ್ಕೆ 2.7. ಬಲಗಡೆ ಹಿಮ ಹಾಕುವಾಗ ನರವನ್ನು ವಿದ್ಯುತ್ತಿನಿಂದ ತಟ್ಟುತ್ತ, ಹೊಟ್ಟೆಯ ಮೇಲೆ ಕೈಯಿಟ್ಟು ವಪೆಯ ಕುಣಿತ ನೋಡುತ್ತಾರೆ. ಕುಣಿತ ಸೊರಗಿದ ಕ್ಷಣ ನಿಲ್ಲಿಸುತ್ತಾರೆ. ನರದ ಹೊದಿಕೆ ಉಳಿದಿದ್ದರೆ ಒಳಗಿನ ಎಳೆ ಮತ್ತೆ ಬೆಳೆಯುತ್ತದೆ, ಹೆಚ್ಚಿನವರಿಗೆ ವರ್ಷದೊಳಗೆ ಸರಿಹೋಗುತ್ತದೆ. ಪಲ್ಸ್ಡ್ ಫೀಲ್ಡ್‌ನಲ್ಲಿ ನರ ಸ್ವಲ್ಪ ಹೊತ್ತು ಮಂಕಾಗಿ ಮತ್ತೆ ಏಳುವುದು ರೂಢಿ.

ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು ಬೇರೆ ನರದ ಕಥೆ. ಅನ್ನನಾಳದ ಮೇಲೆ ಹಬ್ಬಿದ ವೇಗಸ್ ನರದ ಎಳೆಗಳಿಗೆ ತಾಪ ತಾಗಿದರೆ ಜಠರ ನಿಧಾನವಾಗುತ್ತದೆ.

ಮೊದಲು ನಾಡಿ 60 ಇತ್ತು, ಅಬ್ಲೇಷನ್ ಆದಾಗಿನಿಂದ 75. ತೊಂದರೆನಾ?

ಸಾಮಾನ್ಯವಾಗಿ ಅಲ್ಲ. ಎಡ ಹೃತ್ಕರ್ಣದ ಹೊರಮೈಯ ಕೊಬ್ಬಿನಲ್ಲಿ ಹೃದಯವನ್ನು ನಿಧಾನಿಸುವ ನರಗಂಟುಗಳಿವೆ. ಬಿಸಿ ಅಲ್ಲಿಗೂ ಮುಟ್ಟಿದಾಗ ಲಗಾಮು ಸಡಿಲಾಗುತ್ತದೆ. ಪಲ್ಸ್ಡ್ ಫೀಲ್ಡ್ ಆದವರಲ್ಲಿ ಈ ಏರಿಕೆ ಕಡಿಮೆ, ನರಕೋಶಗಳು ಹೆಚ್ಚು ಉಳಿಯುತ್ತವೆ ಎನ್ನುವುದಕ್ಕೆ ಅದೇ ಒಂದು ಸಾಕ್ಷಿ.

ಮಗಳಿಗೆ ಎಸ್‌ವಿಟಿ. ಸಣ್ಣ ಅಬ್ಲೇಷನ್ ಅಂತ ಹೇಳಿ, ಪೇಸ್‌ಮೇಕರ್ ಬೇಕಾಗಬಹುದು ಅಂತ ಸಹಿ ಹಾಕಿಸ್ಕೊಂಡ್ರು. ಯಾಕೆ?

ಎಸ್‌ವಿಟಿ ಎಂದರೆ ಹೃದಯದ ಮೇಲ್ಭಾಗದಿಂದ ಏಳುವ ಅತಿವೇಗದ ಬಡಿತ. ಅದರಲ್ಲಿ ಎ.ವಿ.ಎನ್.ಆರ್.ಟಿ. ಎಂಬ ಬಗೆಯಲ್ಲಿ ಸಂಕೇತ ಒಂದು ವೇಗದ, ಒಂದು ನಿಧಾನದ ದಾರಿ ಹಿಡಿದು ಸುತ್ತುತ್ತದೆ. ಸುಡಬೇಕಾದ ನಿಧಾನ ದಾರಿ, ಮುಟ್ಟಲೇಬಾರದ ಎ.ವಿ. ನೋಡ್‌ನಿಂದ ಕೆಲವೇ ಮಿಲಿಮೀಟರ್ ದೂರದಲ್ಲಿದೆ. ಮೇಲಿನ ಕೋಣೆಯ ಸಂಕೇತ ಕೆಳಗಿಳಿಯುವ ಏಕೈಕ ಸೇತುವೆ ಆ ನೋಡ್. ಅದಕ್ಕೆ ಬಿಸಿ ತಾಗಿ ಶಾಶ್ವತವಾಗಿ ನಿಂತರೆ ಪೇಸ್‌ಮೇಕರ್ರೇ ಗತಿ. ಹೀಗಾಗುವುದು ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ.

ಹಿಮದ ಸಡಿಲು ಅಂಚು ವರವಾಗುವುದು ಇಲ್ಲಿ. ಕ್ಯಾಥೆಟರಿನ ತುದಿಯನ್ನು ಮೈನಸ್ 30 ಡಿಗ್ರಿಯ ಸುತ್ತ ಸ್ವಲ್ಪ ಹೊತ್ತು ನಿಲ್ಲಿಸಿದರೆ, ಅಷ್ಟು ತಣ್ಣಗಾಗದ ಆಚೆಯ ಕೋಶ ಮೂಕವಾಗುತ್ತದೆ, ಸಾಯುವುದಿಲ್ಲ. ಆಗ ನೋಡ್ ತಡವರಿಸಿದರೆ ಕೂಡಲೇ ಬೆಚ್ಚಗಾಗಲು ಬಿಡುತ್ತಾರೆ, ಸಂಕೇತ ವಾಪಸು ಬರುತ್ತದೆ. ಏನೂ ಆಗದಿದ್ದರೆ ಇನ್ನಷ್ಟು ತಣಿಸಿ ಕೆಲಸ ಮುಗಿಸುತ್ತಾರೆ. ಅದಕ್ಕೆ ತೆರುವ ಬೆಲೆ, ತೊಂದರೆ ಮರುಕಳಿಸುವುದು ಬಿಸಿಗಿಂತ ಸ್ವಲ್ಪ ಹೆಚ್ಚು. ಮಕ್ಕಳಿಗೆ ಮಾಡುವಾಗ ಆ ಬೆಲೆ ಒಪ್ಪಬಹುದು ಎಂಬುದು ನನ್ನ ಅಭಿಪ್ರಾಯ. ಎರಡನೇ ಸಲ ಮಾಡಿಸಬಹುದು, ಜೀವನವಿಡೀ ಪೇಸ್‌ಮೇಕರ್ ಬೇರೆಯೇ ಮಾತು.

ಪಲ್ಸ್ಡ್ ಫೀಲ್ಡ್ ಆದ ಮಾರನೇ ದಿನ ಮೂತ್ರ ಕೆಂಪಾಗಿತ್ತು. ಅಕ್ಕಪಕ್ಕಕ್ಕೆ ಏನೂ ಆಗಲ್ಲ ಅಂದಿದ್ರಲ್ಲ?

ಕೆಂಪು ರಕ್ತಕಣವೂ ಅಕ್ಕಪಕ್ಕದ ಕೋಶವೇ. ಎಲೆಕ್ಟ್ರೋಡು ರಕ್ತದಲ್ಲೇ ಮುಳುಗಿರುತ್ತದೆ, ಹತ್ತಿರ ಹಾದ ಕಣಗಳ ಪೊರೆಯೂ ತೂತಾಗಿ ಹಿಮೋಗ್ಲೋಬಿನ್ ಹೊರಬೀಳುತ್ತದೆ. ಅದನ್ನು ಹಿಡಿದಿಡುವ ಹ್ಯಾಪ್ಟೋಗ್ಲೋಬಿನ್ ಮುಗಿದ ಮೇಲೆ ಉಳಿದದ್ದು ಮೂತ್ರಪಿಂಡಕ್ಕೆ ಹೋಗುತ್ತದೆ. ಮಿಡಿತಗಳ ಸಂಖ್ಯೆ ಹೆಚ್ಚಿದಷ್ಟೂ, ಎಲೆಕ್ಟ್ರೋಡು ಗೋಡೆಗೆ ಸರಿಯಾಗಿ ತಾಗದಷ್ಟೂ ಇದು ಹೆಚ್ಚು. ಸಾಮಾನ್ಯವಾಗಿ ದ್ರವ ಕೊಟ್ಟರೆ ತಿಳಿಯಾಗುತ್ತದೆ. ಮ್ಯಾನಿಫೆಸ್ಟ್-17ಕೆಯಲ್ಲಿ ಮೂತ್ರಪಿಂಡ ಸೋತದ್ದು ನೂರಕ್ಕೆ 0.03. ಮೊದಲೇ ಮೂತ್ರಪಿಂಡದ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ.

ಇನ್ನೊಂದು, ಹೃದಯದ ಅಪಧಮನಿಯ ಹತ್ತಿರ ಮಿಡಿತ ಕೊಟ್ಟರೆ ಅದರ ಗೋಡೆಯ ಸ್ನಾಯು ಸೆಟೆದು ನಾಳ ಕಿರಿದಾಗಬಹುದು. ನೈಟ್ರೋಗ್ಲಿಸರಿನ್ ಕೊಟ್ಟು ಬಿಡಿಸುತ್ತಾರೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಹೃದಯಕ್ಕೆ 400, ನರಕ್ಕೆ 3800 ಅಂತ ವೋಲ್ಟೇಜ್ ಪಟ್ಟಿ ಎಲ್ಲ ಕಡೆ ಇದೆ. ಅಷ್ಟು ಖಚಿತವಾ?

ಪಲ್ಸ್ಡ್ ಫೀಲ್ಡ್‌ನಲ್ಲಿ ಯಾವ ಕೋಶ ಎಷ್ಟು ವೋಲ್ಟಿಗೆ ಸಾಯುತ್ತದೆ ಎನ್ನುವ ಆ ಪಟ್ಟಿ ನೋಡಿದಾಗಲೆಲ್ಲ ನನಗೆ ಸ್ವಲ್ಪ ಕಸಿವಿಸಿ. ಸ್ನಾಯುಕೋಶಕ್ಕೆ ಸೆಂಟಿಮೀಟರಿಗೆ 400 ವೋಲ್ಟ್, ಕೆಂಪುಕಣಕ್ಕೆ 1600, ರಕ್ತನಾಳದ ನಯಸ್ನಾಯುವಿಗೆ 1750, ನರಕ್ಕೆ 3800 ಎಂದು ಅದರಲ್ಲಿರುತ್ತದೆ. ಈ ಅಂಕೆಗಳು ಬೇರೆ ಬೇರೆ ಪ್ರಯೋಗಗಳಿಂದ, ಬೇರೆ ಬೇರೆ ಬಗೆಯ ಮಿಡಿತಗಳಿಂದ ಬಂದವು. ಮಿಡಿತದ ಉದ್ದ, ಎಣಿಕೆ, ಒಂದೇ ದಿಕ್ಕೋ ಎರಡೂ ದಿಕ್ಕೋ, ನಡುವಿನ ಬಿಡುವು, ಕೋಶ ಕ್ಷೇತ್ರಕ್ಕೆ ಉದ್ದಕ್ಕಿದೆಯೋ ಅಡ್ಡಕ್ಕೋ, ಇವುಗಳಲ್ಲಿ ಯಾವುದು ಬದಲಾದರೂ ಮಿತಿ ಬದಲಾಗುತ್ತದೆ. ಸ್ನಾಯು ಮೊದಲು ಸೋಲುತ್ತದೆ ಎಂಬ ಅನುಕ್ರಮ ಚಿಕಿತ್ಸೆಯ ಅನುಭವದಲ್ಲಿ ನಿಂತಿದೆ. ಅಂಕೆಗಳನ್ನು ನಿಯಮದಂತೆ ಉರುಹೊಡೆಯಬೇಡಿ. ಒಂದು ಕಂಪನಿಯ ಮಿಡಿತದ ಪಾಕ ಇನ್ನೊಂದರದ್ದಲ್ಲ, ಒಂದರ ಸುರಕ್ಷತೆ ತಾನಾಗಿ ಇನ್ನೊಂದಕ್ಕೆ ಬರುವುದೂ ಇಲ್ಲ.

ಟೇಬಲ್ ಮೇಲೇ ಸಂಕೇತ ನಿಂತ್ರೆ ಕೋಶ ಸತ್ತಿದೆ ಅಂತಲೇ ಅಲ್ವಾ?

ಮೂಕನಾದವನೆಲ್ಲ ಸತ್ತವನಲ್ಲ. ಬಿಸಿ ತಾಗಿ ಮಂಕಾದ ಕೋಶ ಪೊರೆಯ ವೋಲ್ಟೇಜ್ ಕಳೆದುಕೊಂಡು ಸುಮ್ಮನಿರುತ್ತದೆ. ಇದನ್ನು ಬಯಲಿಗೆಳೆಯಲು ಇಪ್ಪತ್ತು ನಿಮಿಷ ಕಾದು ಮತ್ತೆ ಪರೀಕ್ಷಿಸುತ್ತಾರೆ, ಕೆಲವರು ಅಡೆನೊಸಿನ್ ಎಂಬ ಔಷಧಿ ಕೊಡುತ್ತಾರೆ. ಅಡೆನೊಸಿನ್ ಪೊರೆಯ ವೋಲ್ಟೇಜನ್ನು ಕೆಳಕ್ಕೆಳೆದು, ಬದುಕಿರುವ ಕೋಶ ಆ ಕ್ಷಣಕ್ಕೆ ಮತ್ತೆ ಸಂಕೇತ ದಾಟಿಸುವಂತೆ ಮಾಡುತ್ತದೆ. ಎಲ್ಲಿ ದಾಟಿತೋ ಅಲ್ಲಿ ಬದು ಗಟ್ಟಿಮಾಡಬೇಕು.

ಪಲ್ಸ್ಡ್ ಫೀಲ್ಡ್‌ನಲ್ಲಿ ಈ ಮೋಸ ಇನ್ನೂ ದೊಡ್ಡದು. ಒಂದೇ ಮಿಡಿತಮಾಲೆಗೆ ಬೇಕಾದ್ದಕ್ಕಿಂತ ವಿಶಾಲವಾಗಿ ಸಂಕೇತ ಮಾಯವಾಗುತ್ತದೆ, ಏಕೆಂದರೆ ರಂಧ್ರ ಮುಚ್ಚಿಕೊಂಡು ಏಳಲಿರುವ ಕೋಶಗಳೂ ಆಗ ಸುಮ್ಮನಿರುತ್ತವೆ. ತೆರೆಯ ಮೇಲೆ ಎಲ್ಲ ಅಚ್ಚುಕಟ್ಟು. ಅದಕ್ಕೇ ಬಲೂನು ಅಥವಾ ಬುಟ್ಟಿಯಂಥ ಕ್ಯಾಥೆಟರನ್ನು ತಿರುಗಿಸಿ ತಿರುಗಿಸಿ, ಸಂಕೇತ ಹೋದ ಮೇಲೂ ನಿಗದಿಪಡಿಸಿದಷ್ಟು ಸಲ ಕೊಡುತ್ತಾರೆ.

ಪಲ್ಸ್ಡ್ ಫೀಲ್ಡ್‌ನಲ್ಲಿ ಟ್ರೋಪೋನಿನ್ ಜಾಸ್ತಿ ಬಂತು. ಹಾನಿ ಜಾಸ್ತಿ ಅಂತಾನಾ?

ಟ್ರೋಪೋನಿನ್ ಸ್ನಾಯುಕೋಶದ ಒಳಗಿನ ಪ್ರೋಟೀನು. ಬಿಸಿಯಲ್ಲಿ ಅದು ಸ್ವಲ್ಪ ಮಟ್ಟಿಗೆ ಅಲ್ಲೇ ಬೆಂದು ಹೆಪ್ಪಾಗುತ್ತದೆ, ರಕ್ತಕ್ಕೆ ಪೂರ್ತಿ ಬರುವುದಿಲ್ಲ. ಪೊರೆ ತೂತಾದ ಕೋಶದಿಂದ ಹಾಗೇ ಹರಿದು ಬರುತ್ತದೆ. ಆದ್ದರಿಂದ ಎರಡು ವಿಧಾನಗಳ ಟ್ರೋಪೋನಿನ್ ಅಂಕೆಗಳನ್ನು ಪಕ್ಕಪಕ್ಕ ಇಟ್ಟು ಗಾಯದ ಗಾತ್ರ ಅಳೆಯಲಾಗದು.

ಹಾಗಾದ್ರೆ ಒಟ್ಟಾರೆ ಯಾವುದು ಒಳ್ಳೇದು? ಪಲ್ಸ್ಡ್ ಫೀಲ್ಡ್‌ಗೆ ಹೆಚ್ಚು ದುಡ್ಡು ಕೊಡಬಹುದಾ?

ಬಡಿತ ಸರಿಹೋಗುವ ಮಟ್ಟಿಗೆ ದೊಡ್ಡ ಅಂತರವಿಲ್ಲ. 762 ಜನರ ಫೈರ್ ಅಂಡ್ ಐಸ್‌ನಲ್ಲಿ ಬಿಸಿ, ಹಿಮ ಸರಿಸಮ. 607 ಜನರ ಅಡ್ವೆಂಟ್ ಪರೀಕ್ಷೆಯಲ್ಲಿ, 2023ರಲ್ಲಿ, ವರ್ಷದ ಕೊನೆಗೆ ಚಿಕಿತ್ಸೆ ಫಲಿಸಿದ್ದು ಪಲ್ಸ್ಡ್ ಫೀಲ್ಡ್‌ನಲ್ಲಿ ನೂರಕ್ಕೆ 73.3, ಬಿಸಿ ಮತ್ತು ಹಿಮ ಸೇರಿ 71.3. ಲಾಭ ಇರುವುದು ಅನ್ನನಾಳ, ಫ್ರೆನಿಕ್ ನರದ ವಿಷಯದಲ್ಲಿ, ಜೊತೆಗೆ ಕಡಿಮೆ ಹೊತ್ತಿನಲ್ಲಿ ಮುಗಿಯುವುದರಲ್ಲಿ. ಯುರೋಪಿನಲ್ಲಿ 2021ರಿಂದ, ಅಮೆರಿಕದಲ್ಲಿ 2023ರ ಡಿಸೆಂಬರಿನಿಂದ ಅನುಮತಿ ಇದೆ, ಇಪ್ಪತ್ತು ವರ್ಷದ ಅನುಭವ ಇನ್ನೂ ಯಾರಿಗೂ ಇಲ್ಲ. ಸಾಲ ಮಾಡಿ ಹೊಸದನ್ನೇ ಮಾಡಿಸಬೇಕೆಂದು ನಾನು ಹೇಳುವುದಿಲ್ಲ. ನೂರಾರು ರೇಡಿಯೋಫ್ರೀಕ್ವೆನ್ಸಿ ಮಾಡಿದ ಕೈ, ಹೊಸ ಯಂತ್ರದ ಹತ್ತನೇ ಕೇಸಿಗಿಂತ ಮೇಲಿರಬಹುದು. ಎ.ವಿ.ಎನ್.ಆರ್.ಟಿ.ಗಂತೂ ಇವತ್ತಿಗೂ ಬಿಸಿಯೇ ಮೊದಲ ಆಯ್ಕೆ.

ಕ್ಯಾನ್ಸರಿನ ರೇಡಿಯೇಷನ್‌ನಿಂದಲೂ ಅಬ್ಲೇಷನ್ ಮಾಡ್ತಾರಂತೆ. ಅದು ಕೋಶ ಕೊಲ್ಲೋದು ಹೇಗೆ?

ಈ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ, ಏಕೆಂದರೆ ಅದು ಬಹುಶಃ ಕೊಲ್ಲುವುದೇ ಇಲ್ಲ. 2017ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ, ಬೇರೆಲ್ಲ ಚಿಕಿತ್ಸೆ ಸೋತಿದ್ದ ಐವರು ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ (ಹೃದಯದ ಕೆಳ ಕೋಣೆಯಿಂದ ಏಳುವ ಅತಿವೇಗದ ಬಡಿತ) ರೋಗಿಗಳಿಗೆ ಹೊರಗಿನಿಂದಲೇ, ಒಂದೇ ಸಲ 25 ಗ್ರೇ (ವಿಕಿರಣದ ಅಳತೆ) ವಿಕಿರಣ ಕೊಟ್ಟಿತು. ಅಪಾಯದ ಬಡಿತಗಳು ಬಹಳ ಇಳಿದವು. ಕಲೆ ಬೆಳೆದು ಬದು ಆಗಿರಬೇಕು ಎಂದು ಎಲ್ಲರೂ ಅಂದುಕೊಂಡರು. ಆದರೆ ವಿಕಿರಣದ ಕಲೆ ಬೆಳೆಯಲು ತಿಂಗಳುಗಳು ಬೇಕು, ಗುಣ ಕಂಡದ್ದು ವಾರಗಳಲ್ಲಿ.

2021ರಲ್ಲಿ ಅದೇ ಸಂಸ್ಥೆಯವರು ಇಲಿಗಳಲ್ಲೂ ವಿಕಿರಣ ಪಡೆದ ಮನುಷ್ಯರ ಹೃದಯದ ಅಂಗಾಂಶದಲ್ಲೂ ನೋಡಿದರು. ಆ ಪ್ರಮಾಣಕ್ಕೆ ಗೋಡೆಯುದ್ದಕ್ಕೂ ಕಲೆ ಬಂದಿರಲಿಲ್ಲ. ಬದುಕಿದ್ದ ಕೋಶಗಳಲ್ಲೇ ನಾಚ್ ಎಂಬ, ಭ್ರೂಣ ಬೆಳೆಯುವಾಗ ಚುರುಕಾಗಿರುವ ಸಂಕೇತ ಮತ್ತೆ ಎಚ್ಚೆತ್ತಿತ್ತು. ಸೋಡಿಯಂ ವಾಹಿನಿಗಳು ಹೆಚ್ಚಿದ್ದವು, ವಿದ್ಯುತ್ತು ಮೊದಲಿಗಿಂತ ವೇಗವಾಗಿ ಹರಿಯುತ್ತಿತ್ತು. ತಪ್ಪು ಸುತ್ತು ಸುತ್ತಲು ಅಲ್ಲಲ್ಲಿ ನಿಧಾನದ ತುಂಡುಗಳು ಬೇಕು. ಅವು ಚುರುಕಾದರೆ ಅಲೆ ತನ್ನ ಬಾಲಕ್ಕೇ ಡಿಕ್ಕಿ ಹೊಡೆದು ಆರಿಹೋಗುತ್ತದೆ.